ತೆಗೆಯುವ ಕಡೆಯಿಂದ ಶುರುವಾದ ಗೊಬ್ಬರದ ಪೆಟ್ಟಿಗೆ: ಒಂದು ಪ್ರಕರಣ ಅಧ್ಯಯನ

ಈ ಮನೆಯಲ್ಲಿ ಗೊಬ್ಬರದ ಡಬ್ಬ ಇರಲಿಲ್ಲ ಅಂತಲ್ಲ. 200 ಲೀಟರ್‌ನ ಪ್ಲಾಸ್ಟಿಕ್ ಡ್ರಮ್ ಒಂದು ಹಿತ್ತಲ ಮೂಲೆಯಲ್ಲಿ ನಿಂತಿತ್ತು. ಸುತ್ತ ಸಾಲಾಗಿ ತೂತು ಕೊರೆದಿದ್ದರು, ಮೇಲೆ ಬಿಗಿ ಮುಚ್ಚಳ ಹಾಕಿದ್ದರು. ಆದರೆ ಮೇಲಿನಿಂದ ಹಾಕಿದ ಸಿಪ್ಪೆಯೆಲ್ಲ ಕೆಳಗೆ ಕಪ್ಪು ರಾಡಿಯಾಗಿ ನಿಲ್ಲುತ್ತಿತ್ತು. ಮುಚ್ಚಳ ತೆರೆದರೆ ಕೊಳೆತ ಮೊಟ್ಟೆಯ ವಾಸನೆ. ಕೊನೆಕೊನೆಗೆ ಅದರ ಹತ್ತಿರ ಯಾರೂ ಹೋಗುತ್ತಿರಲಿಲ್ಲ.

ಹೊಸದೊಂದನ್ನು ಮನೆಯಲ್ಲೇ ಮಾಡಬೇಕು ಅಂತ ಮಗ ಹೊರಟಾಗ ಅವನ ಪ್ರಶ್ನೆ ಒಂದೇ ಆಗಿತ್ತು: ಮರದ್ದು ಮಾಡಬೇಕಾ, ಇಟ್ಟಿಗೆಯದ್ದಾ? ಹೆಚ್ಚಿನವರು ಇಲ್ಲಿಂದಲೇ ಶುರು ಮಾಡುತ್ತಾರೆ. ನನ್ನ ಪ್ರಕಾರ ಇದು ಕೊನೆಗೆ ಕೇಳಬೇಕಾದ ಪ್ರಶ್ನೆ. ವಾರಕ್ಕೆ ಏನು, ಎಷ್ಟು ಬೀಳುತ್ತದೆ? ಆಮೇಲೆ ಅದನ್ನು ಯಾರು, ಹೇಗೆ ಹೊರಗೆ ತೆಗೆಯುತ್ತಾರೆ? ಈ ಎರಡು ಗೊತ್ತಾದರೆ ಪೆಟ್ಟಿಗೆಯ ಆಕಾರ ಮುಕ್ಕಾಲು ಪಾಲು ತಾನಾಗಿಯೇ ತೀರ್ಮಾನವಾಗುತ್ತದೆ.

ಮನೆಯಲ್ಲಿ ನಾಲ್ಕು ಜನ. ಸ್ವಲ್ಪ ಹುಲ್ಲುಹಾಸು, ಒಂದು ಬೇಲಿಗಿಡದ ಸಾಲು, ಕೆಲವು ತರಕಾರಿ ಮಡಿ, ಎಲೆ ಉದುರಿಸುವ ಎರಡು ದೊಡ್ಡ ಮರ. ತೋಟ ನೋಡಿಕೊಳ್ಳುವವರು ತಾಯಿ. ಅರವತ್ತು ದಾಟಿದ್ದಾರೆ. ಒಂದು ಮಂಡಿ ಸರಿಯಾಗಿ ಮಡಚುವುದಿಲ್ಲ, ಭುಜದ ಎತ್ತರಕ್ಕೆ ಭಾರ ಎತ್ತಲು ಆಗುವುದಿಲ್ಲ. ಪೆಟ್ಟಿಗೆ ಕಟ್ಟುವವನು ಮಗ, ಅದರ ಜೊತೆ ಬದುಕುವವರು ತಾಯಿ. ಹಾಗಾಗಿ ನಕ್ಷೆಯ ಮಟ್ಟಿಗೆ ತಾಯಿಯ ಮಾತೇ ಕೊನೆಯದು ಅಂತ ಮೊದಲೇ ಒಪ್ಪಿಕೊಂಡೆವು.

ಡ್ರಮ್ಮು ಯಾಕೆ ನಾರುತ್ತಿತ್ತು

ಡ್ರಮ್ಮನ್ನು ಉರುಳಿಸಿ ಒಳಗಿದ್ದದ್ದನ್ನು ನೆಲದ ಮೇಲೆ ಹರಡಿದೆವು. ಮೂಗು ಮುಚ್ಚಿಕೊಂಡು ಮಾಡುವ ಕೆಲಸ, ಆದರೂ ಮಾಡಬೇಕು. ಮೇಲಿನ ಒಂದು ಗೇಣು ಮಾತ್ರ ಚೆನ್ನಾಗಿತ್ತು. ಅದರ ಕೆಳಗೆಲ್ಲ ಹಸಿ ಸಿಪ್ಪೆ ಒತ್ತಿ ಒತ್ತಿ ಅಂಟಿಕೊಂಡು ಕೂತಿತ್ತು. ಎಲೆ, ಕಡ್ಡಿ, ಕಾಗದದ ಸುಳಿವೇ ಇರಲಿಲ್ಲ.

ಗೋಡೆಯಲ್ಲಿ ತೂತು ಇದ್ದ ಮಾತ್ರಕ್ಕೆ ನಡುಮಧ್ಯಕ್ಕೆ ಗಾಳಿ ಹೋಗುವುದಿಲ್ಲ. ಒಳಗಿನ ತುಣುಕುಗಳ ನಡುವೆ ಸಂದು ಇದ್ದರೆ ಮಾತ್ರ ಗಾಳಿ ಓಡಾಡುತ್ತದೆ. ಅಡುಗೆಮನೆಯ ಸಿಪ್ಪೆಯಲ್ಲಿ ಹೆಚ್ಚುಕಡಿಮೆ 80% ನೀರೇ. ಕೊಳೆಯಲು ಶುರುವಾದ ಕೂಡಲೇ ಆ ನೀರು ಹೊರಬಂದು ಇದ್ದ ಸಂದನ್ನೂ ತುಂಬುತ್ತದೆ. ಒಳಗಿನ ಗಾಳಿಯಲ್ಲಿ ಆಮ್ಲಜನಕ 5%ಗಿಂತ ಕೆಳಗಿಳಿದರೆ ಗಾಳಿ ಬೇಕಾದ ಸೂಕ್ಷ್ಮಜೀವಿಗಳು ಹಿಂದೆ ಸರಿಯುತ್ತವೆ, ಗಾಳಿ ಬೇಡದವು ಕೆಲಸಕ್ಕಿಳಿಯುತ್ತವೆ. ಮೊಟ್ಟೆ ಕೊಳೆತ ವಾಸನೆ ಅವುಗಳ ಕೈವಾಡ, ಹೈಡ್ರೋಜನ್ ಸಲ್ಫೈಡ್.

ಅಂದರೆ ಡ್ರಮ್ಮಿಗಿಂತ ದೊಡ್ಡ ಕೊರತೆ ಒಣ ವಸ್ತುವಿನದು. ಇದನ್ನು ಸರಿ ಮಾಡದೆ ಎಷ್ಟೇ ಚಂದದ ಮರದ ಪೆಟ್ಟಿಗೆ ಕಟ್ಟಿದ್ದರೂ ಅದೂ ಹೀಗೇ ನಾರುತ್ತಿತ್ತು.

ಬಕೆಟ್ಟು, ತಕ್ಕಡಿ, ಒಂದು ಚಿಕ್ಕ ಲೆಕ್ಕ

ಅಳತೆ ಪಟ್ಟಿ ಹಿಡಿಯುವ ಮೊದಲು ತಕ್ಕಡಿ ಹಿಡಿದರು. ಕೆಲವು ವಾರ ಅಡುಗೆಮನೆಯ ಬಕೆಟ್ಟನ್ನು ತೂಗಿ ಬರೆದಿಟ್ಟರು. ವಾರಕ್ಕೆ ಸುಮಾರು 7 ಕಿಲೋ ಸಿಪ್ಪೆ, ತೊಟ್ಟು, ಕಾಫಿ ಚರಟ. ತೋಟದಿಂದ ಹಸಿ ಹುಲ್ಲು, ಕಿತ್ತ ಗಿಡ ಸೇರಿ ಇನ್ನೊಂದು 3 ಕಿಲೋ. ಒಟ್ಟು 10 ಕಿಲೋ ಹಸಿ.

ಇದಕ್ಕೆ ಎಷ್ಟು ಒಣ ಎಲೆ ಬೇಕು? "ಒಂದು ಪದರ ಹಸಿ, ಒಂದು ಪದರ ಒಣ" ಅಂತ ಎಲ್ಲರೂ ಹೇಳುತ್ತಾರೆ, ಪದರ ಎಷ್ಟು ದಪ್ಪ ಅಂತ ಯಾರೂ ಹೇಳುವುದಿಲ್ಲ. ಅದಕ್ಕೆ ಕೂತು ಲೆಕ್ಕ ಹಾಕಿದೆವು. ಸೂಕ್ಷ್ಮಜೀವಿಗಳಿಗೆ ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಸಿಕ್ಕರೆ ಕೆಲಸ ಚೆನ್ನಾಗಿ ಸಾಗುತ್ತದೆ. ತರಕಾರಿ ಸಿಪ್ಪೆಯಲ್ಲಿ ಇದು 15ರ ಆಸುಪಾಸು. ಒಣ ಎಲೆಯಲ್ಲಿ ಜಾತಿಯ ಮೇಲೆ 40ರಿಂದ 80. ನಾವು 55 ಅಂತ ಹಿಡಿದೆವು.

ಒಂದು ಕಿಲೋ ಸಿಪ್ಪೆಯಲ್ಲಿ ನೀರು ಬಿಟ್ಟರೆ ಉಳಿಯುವುದು 200 ಗ್ರಾಂ. ಅದರಲ್ಲಿ ಇಂಗಾಲ ಸುಮಾರು 90 ಗ್ರಾಂ, ಸಾರಜನಕ 6 ಗ್ರಾಂ. ಅರ್ಧ ಕಿಲೋ ಒಣ ಎಲೆ ತೆಗೆದುಕೊಳ್ಳಿ. ಅದರಲ್ಲಿ 15% ತೇವ ಇದೆ ಅಂತಿಟ್ಟುಕೊಂಡರೆ ಇಂಗಾಲ 190 ಗ್ರಾಂ, ಸಾರಜನಕ 3.5 ಗ್ರಾಂ. ಎರಡನ್ನೂ ಕೂಡಿಸಿದರೆ 280ಕ್ಕೆ 9.5. ಸರಿಸುಮಾರು 30ಕ್ಕೆ ಒಂದು. ಇನ್ನು ನೀರು: ಒಂದೂವರೆ ಕಿಲೋದಲ್ಲಿ 875 ಗ್ರಾಂ, ಅಂದರೆ 58%. ಗೊಬ್ಬರದ ರಾಶಿಯಲ್ಲಿ ಇರಬೇಕಾದ ತೇವ 50ರಿಂದ 60%. ಒಂದೇ ಏಟಿಗೆ ಎರಡೂ ಸರಿಹೋಯಿತು. ಇದು ನನಗೆ ಬಹಳ ಇಷ್ಟವಾದ ಲೆಕ್ಕ. ಒಣ ಎಲೆ ಬರೀ ಇಂಗಾಲಕ್ಕಲ್ಲ, ಸಿಪ್ಪೆಯ ನೀರು ಹೀರುವುದಕ್ಕೂ ಬೇಕು ಅನ್ನುವುದು ಇದರಲ್ಲಿ ಕಣ್ಣಿಗೆ ಕಾಣುತ್ತದೆ.

ತೂಕದಲ್ಲಿ ಅರ್ಧ ಅಂದರೆ ಕಡಿಮೆ ಅನಿಸಬಹುದು. ಆದರೆ ಎಲೆ ಹಗುರ. ತುಳಿದು ಪುಡಿ ಮಾಡಿದ ಎಲೆ ಕೂಡ ಹತ್ತು ಲೀಟರ್ ಬಕೆಟ್ಟಿಗೆ ಒಂದು ಕಿಲೋ ತೂಗಿದರೆ ಹೆಚ್ಚು. ಸಿಪ್ಪೆಯಾದರೆ ಅದೇ ಬಕೆಟ್ಟಿನಲ್ಲಿ ನಾಲ್ಕೈದು ಕಿಲೋ ಹಿಡಿಯುತ್ತದೆ. ಹಾಗಾಗಿ ಅಳತೆಯ ಪಾತ್ರೆ ಬಕೆಟ್ಟೇ ಆದರೆ, ಒಂದು ಬಕೆಟ್ ಹಸಿಗೆ ಎರಡರಿಂದ ಎರಡೂವರೆ ಬಕೆಟ್ ಎಲೆಪುಡಿ ಬೇಕು. ತಾಯಿ ಇದನ್ನು ಕೇಳಿ, "ಇಷ್ಟು ಎಲೆ ಎಲ್ಲಿಂದ ತರೋದು? ಉದುರೋದು ಒಂದು ಕಾಲದಲ್ಲಿ, ಸಿಪ್ಪೆ ಬರೋದು ದಿನಾ" ಅಂದರು.

ನಿಜ ಅಲ್ವಾ? ವಾರಕ್ಕೆ 10 ಕಿಲೋ ಹಸಿ ಅಂದರೆ 5 ಕಿಲೋ ಎಲೆ, ಅಂದರೆ 50 ಲೀಟರ್. ಆರು ತಿಂಗಳಿಗೆ 1,300 ಲೀಟರ್. ಹೀಗೆ, ಪೆಟ್ಟಿಗೆಯ ನಕ್ಷೆ ಬರೆಯುವ ಮೊದಲೇ ಇನ್ನೊಂದು ವಸ್ತುವಿನ ನಕ್ಷೆ ಸಿದ್ಧವಾಯಿತು: 1.2 ಮೀಟರ್ ಅಡ್ಡಳತೆ, 1.2 ಮೀಟರ್ ಎತ್ತರದ ಒಂದು ಜಾಲರಿ ಗೂಡು. ಅದರಲ್ಲಿ ಹಿಡಿಯುವುದು 1,350 ಲೀಟರ್‌ನಷ್ಟು. ತಂತಿಯ ಜಾಲರಿಯನ್ನು ಸುತ್ತಿ, ಎರಡು ತುದಿ ಸೇರಿಸಿ ಕಟ್ಟಿ, ನಾಲ್ಕು ಗೂಟಕ್ಕೆ ಬಿಗಿದರೆ ಆಯಿತು. ಮೇಲೆ ಮಳೆಗೆ ಒಂದು ತಾಡಪಾಲು. ಇಡೀ ಯೋಜನೆಯಲ್ಲಿ ಕಡಿಮೆ ಖರ್ಚಿನ, ಕಡಿಮೆ ಹೊತ್ತಿನ ಕೆಲಸ ಇದು. ಪೆಟ್ಟಿಗೆ ನಾರದೆ ಇದ್ದದ್ದು ಮುಖ್ಯವಾಗಿ ಇದರಿಂದಲೇ.

ಎಷ್ಟು ದೊಡ್ಡದು

ಒಂದು ಘನ ಮೀಟರ್ ಇರಲಿ ಅನ್ನುವುದು ಸಾಮಾನ್ಯ ಸಲಹೆ. ಅದಕ್ಕೆ ಕಾರಣ ಶಾಖ. ರಾಶಿ ದೊಡ್ಡದಾದಷ್ಟೂ ಅದರ ಗಾತ್ರಕ್ಕೆ ಹೋಲಿಸಿದರೆ ಹೊರಮೈ ಕಡಿಮೆ, ಶಾಖ ಸೋರುವುದೂ ಕಡಿಮೆ. ಒಂದು ಮೀಟರ್ ಘನಕ್ಕೆ ಹೊರಮೈ 6 ಚದರ ಮೀಟರ್. ಅರ್ಧ ಮೀಟರ್ ಘನದಲ್ಲಿ ಗಾತ್ರ ಎಂಟನೇ ಒಂದಾಗುತ್ತದೆ, ಹೊರಮೈ ನಾಲ್ಕನೇ ಒಂದು ಮಾತ್ರ ಆಗುತ್ತದೆ. ಅಂದರೆ ಲೀಟರ್ ಲೆಕ್ಕದಲ್ಲಿ ಶಾಖ ಸೋರುವ ಮೈ ಎರಡು ಪಟ್ಟು.

ಆದರೆ ಈ ಸಲಹೆಯಲ್ಲಿ ಒಂದು ಮಾತು ಅಡಗಿದೆ. ಶಾಖ ಏರಬೇಕಾದರೆ ಪೆಟ್ಟಿಗೆ ದೊಡ್ಡದಿದ್ದರೆ ಸಾಲದು, ಒಟ್ಟಿಗೆ ತುಂಬಬೇಕು. ವಾರಕ್ಕೊಂದಿಷ್ಟು ಹಾಕುವ ಮನೆಯಲ್ಲಿ ರಾಶಿ ಉಗುರುಬೆಚ್ಚಗೆ ಇರುತ್ತದೆ, ಅಷ್ಟೇ. ಹೇಗೂ ಬಾರದ ಶಾಖಕ್ಕಾಗಿ ತಾಯಿಯ ಕೈಗೆ ಎಟುಕದಷ್ಟು ಆಳದ ಪೆಟ್ಟಿಗೆ ಮಾಡುವುದು ಬೇಡ ಅನಿಸಿತು. 90 ಸೆಂಟಿಮೀಟರ್‌ಗೆ ಇಳಿಸಿದೆವು. ಅಗಲ, ಆಳ, ಎತ್ತರ ಮೂರೂ 90. ಅಂದರೆ ಪೆಟ್ಟಿಗೆಯೊಳಗಿನ ಒಂದು ಕೋಣೆಗೆ 730 ಲೀಟರ್‌ನಷ್ಟು. ವಾರಕ್ಕೆ ಹಸಿ, ಒಣ ಸೇರಿ 75 ಲೀಟರ್ ಬೀಳುತ್ತದೆ. ಅದು ಕುಸಿದು ಅರ್ಧಕ್ಕೆ ಇಳಿಯುತ್ತದೆ. ಒಂದು ಕೋಣೆ ತುಂಬಲು ನಾಲ್ಕೂವರೆ ತಿಂಗಳು. ಅಷ್ಟರಲ್ಲಿ ಪಕ್ಕದ ಕೋಣೆಯಲ್ಲಿರುವುದು ಪಕ್ವವಾಗಬಹುದು. ಹಾಗಾಗಿ ಎರಡು ಕೋಣೆ ಸಾಕು. ಮೂರನೆಯದು ಬೇಕು ಅಂತ ಮಗ ಹಟ ಹಿಡಿದಿದ್ದ. ಆ ಜಾಗದಲ್ಲಿ ಎಲೆಯ ಗೂಡು ನಿಂತಿತು.

ಮಗುಚುವುದಾ, ಬೇಡವಾ

ತಾಯಿ ಮೊದಲ ದಿನವೇ ಹೇಳಿದ್ದರು: "ವಾರವಾರ ಮಗುಚು ಅಂದ್ರೆ ನನ್ನ ಕೈಲಿ ಆಗಲ್ಲ."

ಇದು ಹಳೆಯ ತಕರಾರು. 1920ರ ದಶಕದಲ್ಲಿ ಇಂದೋರ್‌ನಲ್ಲಿ ಆಲ್ಬರ್ಟ್ ಹೋವರ್ಡ್ ಮತ್ತು ಯಶವಂತ ವಾಡ್ ರೂಪಿಸಿದ ವಿಧಾನದಲ್ಲಿ ರಾಶಿಯನ್ನು ಮಗುಚುತ್ತಾರೆ, ಹಾಗಾಗಿ ಗಾಳಿ ಸಿಗುತ್ತದೆ, ಬೇಗ ಮುಗಿಯುತ್ತದೆ. ಸಿ. ಎನ್. ಆಚಾರ್ಯ ರೂಪಿಸಿದ ಬೆಂಗಳೂರು ವಿಧಾನದಲ್ಲಿ ಗುಂಡಿ ತುಂಬಿ, ಮಣ್ಣು ಮೆತ್ತಿ, ಸುಮ್ನೆ ಬಿಡುತ್ತಾರೆ. ಮೈಮುರಿಯುವ ಕೆಲಸ ಇಲ್ಲ, ಆದರೆ ತಿಂಗಳುಗಟ್ಟಲೆ ಕಾಯಬೇಕು. ಇನ್ನು ಎರಡು ಮೂರು ವಾರದಲ್ಲೇ ಗೊಬ್ಬರ ಅನ್ನುವ ಬರ್ಕ್ಲಿ ವಿಧಾನಕ್ಕೆ ದಿನ ಬಿಟ್ಟು ದಿನ ಮಗುಚಬೇಕು. ಅದು ಈ ಮನೆಗೆ ಹೇಳಿದ್ದಲ್ಲ.

ನಾವು ನಡುವಿನ ದಾರಿ ಹಿಡಿದೆವು. ಒಂದು ರಾಶಿಯ ಇಡೀ ಬಾಳಿನಲ್ಲಿ ಒಂದೇ ಒಂದು ಸಲ ಮಗುಚುವುದು. ಮೊದಲ ಕೋಣೆ ತುಂಬಿದಾಗ ಎಲ್ಲವನ್ನೂ ಎರಡನೆಯದಕ್ಕೆ ಸಾಗಿಸುವುದು. ಆ ಸಾಗಣೆಯೇ ಮಗುಚಿದಂತೆ. ಮೇಲಿದ್ದದ್ದು ಕೆಳಗೆ ಹೋಗುತ್ತದೆ, ಒಳಗೆ ಗಾಳಿ ಸೇರುತ್ತದೆ, ನಿಂತ ಶಾಖ ಮತ್ತೆ ಏರುತ್ತದೆ.

ಇಲ್ಲೊಂದು ತೊಡಕು ಬಂತು. ಎರಡು ಕೋಣೆಯ ನಡುವೆ 90 ಸೆಂಟಿಮೀಟರ್ ಗೋಡೆ ಇದೆ. ಒದ್ದೆ ಗೊಬ್ಬರವನ್ನು ಸಲಿಕೆಯಲ್ಲಿ ಎತ್ತಿ ಆ ಗೋಡೆ ದಾಟಿಸಬೇಕು. ಅರ್ಧ ಹಣ್ಣಾದ ಗೊಬ್ಬರ ಒಂದು ಲೀಟರ್‌ಗೆ ಅರ್ಧ ಕಿಲೋಗಿಂತ ಜಾಸ್ತಿ ತೂಗುತ್ತದೆ. ತುಂಬಿದ ಕೋಣೆ ಅಂದರೆ ಕೆಲವು ಕ್ವಿಂಟಲ್. ನೋವಿರುವ ಭುಜಕ್ಕೆ ಇದು ಆಗದ ಮಾತು. ಅಂಗಡಿಯಲ್ಲಿ ಸಿಗುವ, ಚಿತ್ರಗಳಲ್ಲಿ ಕಾಣುವ ಎಷ್ಟೋ ಪೆಟ್ಟಿಗೆಗಳಲ್ಲಿ ಮುಂದಿನ ಹಲಗೆ ತೆಗೆಯಬಹುದು, ನಡುಗೋಡೆ ಮಾತ್ರ ಗಟ್ಟಿಯಾಗಿ ಕೂತಿರುತ್ತದೆ. ಯಾಕೆ ಹಾಗೆ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಈ ಪೆಟ್ಟಿಗೆಯಲ್ಲಿ ನಡುಗೋಡೆಯ ಹಲಗೆಗಳೂ ಜಾರಿ ಹೊರಬರುತ್ತವೆ. ಮುಂದಿನ ಹಲಗೆ ತೆಗೆದು, ನಡುವಿನ ಹಲಗೆಯನ್ನೂ ಒಂದೊಂದಾಗಿ ಮೇಲಕ್ಕೆಳೆದು ತೆಗೆದರೆ ಎರಡು ಕೋಣೆ ಒಂದಾಗುತ್ತದೆ. ಆಮೇಲೆ ಎತ್ತುವ ಮಾತೇ ಇಲ್ಲ. ಹಲ್ಲಿರುವ ಗುದ್ದಲಿಯಲ್ಲಿ ಪಕ್ಕಕ್ಕೆ ಎಳೆಯುತ್ತಾ ಹೋದರಾಯಿತು. ಹಳೆಯ ರಾಶಿ ಪಕ್ಕಕ್ಕೆ ಬಿದ್ದಂತೆಲ್ಲ ನಡುವಿನ ಹಲಗೆಗಳನ್ನು ಕೆಳಗಿನಿಂದ ಮತ್ತೆ ಜೋಡಿಸಿಕೊಳ್ಳುತ್ತಾ ಬರಬಹುದು. ಕೊನೆಯ ಒಂದಿಷ್ಟನ್ನು ಮಾತ್ರ ಬಕೆಟ್ಟಿನಲ್ಲಿ ಸಾಗಿಸಬೇಕು.

ಮರ

ಇಟ್ಟಿಗೆ ಕಟ್ಟಿದರೆ ಗಟ್ಟಿ, ಆದರೆ ಜಾರುವ ಗೋಡೆ ಕಷ್ಟ, ಜಾಗ ಬದಲಿಸುವುದು ಇನ್ನೂ ಕಷ್ಟ. ಮರವೇ ಸರಿ ಅಂತಾಯಿತು.

ಮಗ ಎಲ್ಲಿಂದಲೋ ಹಳೆಯ ಪ್ಯಾಲೆಟ್ ತಂದಿದ್ದ. ಸರಕಿನ ಅಡಿಗೆ ಹಾಕುವ ಮರದ ಹಲಗೆಕಟ್ಟು. ಅದರ ಮೇಲಿನ ಮುದ್ರೆ ನೋಡಬೇಕು. ದೇಶದಿಂದ ದೇಶಕ್ಕೆ ಹೋಗುವ ಪ್ಯಾಲೆಟ್ ಮೇಲೆ ಐಎಸ್‌ಪಿಎಂ 15 ಅನ್ನುವ, ಮರದ ಜೊತೆ ಕೀಟ ಸಾಗದಂತೆ ತಡೆಯುವ ಅಂತರರಾಷ್ಟ್ರೀಯ ನಿಯಮದಂತೆ ಒಂದು ಗುರುತು ಇರುತ್ತದೆ. ಎಚ್‌ಟಿ ಅಂತಿದ್ದರೆ ಮರದ ತಿರುಳು 56 ಡಿಗ್ರಿಗೆ ಏರಿ 30 ನಿಮಿಷ ಕಾದಿದೆ ಅಂತ ಅರ್ಥ, ವಿಷ ಬಳಸಿಲ್ಲ. ಎಂಬಿ ಅಂತಿದ್ದರೆ ಮೀಥೈಲ್ ಬ್ರೋಮೈಡ್ ಹೊಗೆ ಹಾಕಿದ್ದಾರೆ, ಅದು ಬೇಡ. ಮುದ್ರೆಯೇ ಇಲ್ಲದ್ದು, ಎಣ್ಣೆಯೋ ಬಣ್ಣವೋ ಚೆಲ್ಲಿದ ಕಲೆ ಇರುವುದು ಕೂಡ ಬೇಡ. ತಂದಿದ್ದರಲ್ಲಿ ಎಚ್‌ಟಿ ಇದ್ದವನ್ನು ಇಟ್ಟುಕೊಂಡು ಉಳಿದದ್ದನ್ನು ವಾಪಸ್ ಕಳಿಸಿದರು.

ಹಸಿರು ಛಾಯೆಯ ಹಳೆಯ ಕಂಬಗಳ ಬಗ್ಗೆಯೂ ಎಚ್ಚರ ಬೇಕು. ಕ್ರೋಮಿಯಂ, ತಾಮ್ರ, ಆರ್ಸೆನಿಕ್ ಸೇರಿಸಿದ ಸಿಸಿಎ ಎಂಬ ದ್ರಾವಣ ಕುಡಿಸಿದ ಮರ ಅದಾಗಿರಬಹುದು. ಅಮೆರಿಕದಲ್ಲಿ 2003ರ ಕೊನೆಗೆ ಮನೆ ಬಳಕೆಗೆ ಇದನ್ನು ತಯಾರಿಸುವುದು ನಿಂತಿತು. ಆದರೆ ಹಳೆಯ ಮರ ಕೈಯಿಂದ ಕೈಗೆ ಸುತ್ತುತ್ತಲೇ ಇರುತ್ತದೆ. ತರಕಾರಿ ಮಡಿಗೆ ಹೋಗುವ ಗೊಬ್ಬರದ ಪಕ್ಕದಲ್ಲಿ ಅದಕ್ಕೆ ಜಾಗವಿಲ್ಲ. ಎಂಜಿನ್ ಆಯಿಲ್ ಬಳಿಯುವವರೂ ಇದ್ದಾರೆ. ದಯವಿಟ್ಟು ಬೇಡ. ಇಲ್ಲಿ ಹೊರಮೈಗೆ ಮಾತ್ರ ಅಗಸೆ ಎಣ್ಣೆ ಹಚ್ಚಿದರು, ಒಳಮೈಗೆ ಏನೂ ಹಚ್ಚಲಿಲ್ಲ.

ಕಟ್ಟಿದ ಬಗೆ

ಜಾಗದ ಬಗ್ಗೆ ಸ್ವಲ್ಪ ಜಗಳವೇ ಆಯಿತು. ವಾಸನೆಯ ನೆನಪು ಇನ್ನೂ ಮಾಸಿರಲಿಲ್ಲ, ಹಾಗಾಗಿ ತೋಟದ ತುದಿಗೇ ಹೋಗಲಿ ಅಂತ ಮನೆಯವರ ಒತ್ತಾಯ. ಆದರೆ ದೂರ ಇಟ್ಟ ಡಬ್ಬಕ್ಕೆ ಮಳೆಯಲ್ಲಿ ಯಾರೂ ಹೋಗುವುದಿಲ್ಲ. ಬಕೆಟ್ ಅಡುಗೆಮನೆಯಲ್ಲೇ ಕೊಳೆಯುತ್ತದೆ. ಕೊನೆಗೆ ಅಡುಗೆಮನೆಯಿಂದ ತರಕಾರಿ ಮಡಿಗೆ ಹೋಗುವ ದಾರಿಯ ಪಕ್ಕ, ಅರೆನೆರಳಿನಲ್ಲಿ ಜಾಗ ಸಿಕ್ಕಿತು. ಮರದ ಬುಡಕ್ಕೆ ತಾಗಿಸಲಿಲ್ಲ. ಮರದ ಬೇರು ಗೊಬ್ಬರ ಹುಡುಕಿಕೊಂಡು ಕೆಳಗಿನಿಂದ ಮೇಲೆ ನುಗ್ಗುತ್ತದೆ. ಮುಂದೆ ಒಂದು ಮೀಟರ್‌ಗಿಂತ ಹೆಚ್ಚು ಖಾಲಿ ಬಿಟ್ಟರು. ಕೈಗಾಡಿ ತಿರುಗಬೇಕು, ಗುದ್ದಲಿಯ ಹಿಡಿ ಹಿಂದಕ್ಕೆ ಬರಬೇಕು.

ನೆಲ ಮಟ್ಟ ಮಾಡಿ ಇಟ್ಟಿಗೆಯ ಸಾಲು ಇಟ್ಟು, ಅದರ ಮೇಲೆ ದಪ್ಪ ಮರದ ಅಡಿಚೌಕಟ್ಟು ಕೂರಿಸಿದರು. ಮರ ಎಲ್ಲೂ ಮಣ್ಣಿಗೆ ತಾಗುವುದಿಲ್ಲ. ಮಣ್ಣಿಗೆ ತಾಗಿದ ಮರವೇ ಮೊದಲು ಕೊಳೆಯುವುದು. ಅಡಿಚೌಕಟ್ಟಿನ ಕೆಳಗೆ 12 ಮಿಲಿಮೀಟರ್ ಕಣ್ಣಿನ, ಬೆಸುಗೆ ಹಾಕಿದ ಜಿಐ (ಸತು ಲೇಪಿಸಿದ ಕಬ್ಬಿಣದ) ಜಾಲರಿ. ಇಲಿ ಕೆಳಗಿನಿಂದ ಕೊರೆದು ಬರಬಾರದು, ಎರೆಹುಳು ಬರಬೇಕು. ಚುಂಡಿಲಿಗೆ 6 ಮಿಲಿಮೀಟರ್ ಸಂದೂ ಸಾಕು, ಅದನ್ನು ತಡೆಯುವ ಗೋಜಿಗೆ ನಾವು ಹೋಗಲಿಲ್ಲ.

ಜಾಲರಿ ಬರಿದೇ ಇದ್ದರೆ ಸಲಿಕೆಯ ತುದಿ ಅದಕ್ಕೆ ಸಿಕ್ಕಿಕೊಳ್ಳುತ್ತದೆ, ತೆಗೆಯುವಾಗ ಜೀವ ಹಿಂಡುತ್ತದೆ. ಅದಕ್ಕೆ ಜಾಲರಿಯ ಮೇಲೆ ಇಟ್ಟಿಗೆಗಳನ್ನು ಮಲಗಿಸಿ, ನಡುನಡುವೆ ಬೆರಳಗಲ ಸಂದು ಬಿಟ್ಟರು. ನೀರು ಇಳಿಯುತ್ತದೆ, ಹುಳು ಏರುತ್ತದೆ, ಚಪ್ಪಟೆ ಸಲಿಕೆ ಸರಾಗವಾಗಿ ಜಾರುತ್ತದೆ. ಪೆಟ್ಟಿಗೆಯ ಒಳಗಿನ ಎತ್ತರವನ್ನು ಈ ಇಟ್ಟಿಗೆಯ ಮೇಲಿನಿಂದಲೇ ಅಳೆಯಬೇಕು.

ಕಂಬ ಆರು: ಹಿಂದೆ ಮೂರು, ಮುಂದೆ ಮೂರು, 5 ಸೆಂಟಿಮೀಟರ್ ಚೌಕದವು. ಹಲಗೆ 10 ಸೆಂಟಿಮೀಟರ್ ಅಗಲ, 2 ಸೆಂಟಿಮೀಟರ್ ದಪ್ಪ. ಒಂದರ ಮೇಲೊಂದು ಎಂಟು ಹಲಗೆ, ನಡುವೆ 15 ಮಿಲಿಮೀಟರ್‌ನ ಏಳು ಸಂದು. ಒಟ್ಟು 90.5 ಸೆಂಟಿಮೀಟರ್. ಹಿಂದಿನ ಮತ್ತು ಪಕ್ಕದ ಹಲಗೆಗಳನ್ನು ಕಂಬದ ಒಳಮೈಗೆ ಸ್ಕ್ರೂ ಮಾಡಿದರು. ಹೊರಗೆ ಬಡಿದರೆ ಚಂದ ಕಾಣುತ್ತದೆ ನಿಜ. ಆದರೆ ತುಂಬಿದ ರಾಶಿ ಹೊರಕ್ಕೆ ತಳ್ಳುತ್ತದೆ. ಹಲಗೆ ಒಳಗಿದ್ದರೆ ಆ ಒತ್ತಡ ಅದನ್ನು ಕಂಬಕ್ಕೇ ಒತ್ತುತ್ತದೆ, ಹೊರಗಿದ್ದರೆ ಸ್ಕ್ರೂ ಕೀಳುತ್ತದೆ. ಮೊಳೆ ಎಲ್ಲೂ ಬಳಸಲಿಲ್ಲ. ಒದ್ದೆಯಾಗಿ ಒಣಗಿ ಮರ ಆಡುತ್ತಿದ್ದರೆ ಮೊಳೆ ಮೆಲ್ಲಗೆ ಮೇಲೇಳುತ್ತದೆ. ಸಂದು 15 ಮಿಲಿಮೀಟರ್ ಇದ್ದರೆ ಇಲಿಮರಿ ತೂರುತ್ತದೆ, ಹಾಗಾಗಿ ಗೋಡೆಗಳ ಕೆಳಗಿನ ಅರ್ಧಕ್ಕೆ ಒಳಗಿನಿಂದ ಅದೇ ಜಾಲರಿ.

ಮುಂದಿನ ಮತ್ತು ನಡುವಿನ ಹಲಗೆಗಳು ಜಾರಲು ಕಂಬಗಳಿಗೆ ಎರಡೆರಡು ರೀಪು ಕೂರಿಸಿ, ನಡುವೆ ತೋಡು ಮಾಡಿದರು. ತೋಡಿನ ಅಗಲ ಮೊದಲು 22 ಮಿಲಿಮೀಟರ್ ಇತ್ತು, ಹಲಗೆಗೆ ಸರಿಯಾಗಿ ಎರಡು ಮಿಲಿಮೀಟರ್ ಸಡಿಲ. ಒಣ ಮರದಲ್ಲಿ ಬೆಣ್ಣೆಯಲ್ಲಿ ಜಾರಿದಂತೆ ಜಾರಿತು. ಒಂದೇ ಮಳೆಗೆ ಹಲಗೆ ಉಬ್ಬಿ, ರೀಪಿನ ಸಂದಿಗೆ ಮಣ್ಣು ಸೇರಿ ಕಚ್ಚಿಕೊಂಡಿತು, ಸುತ್ತಿಗೆ ಬೇಕಾಯಿತು. ರೀಪು ಬಿಚ್ಚಿ 27 ಮಿಲಿಮೀಟರ್‌ಗೆ ಸರಿಸಿದರು. ನೋಡಲು ಲಡಲಡ ಅನಿಸುತ್ತದೆ, ಆದರೆ ತುಂಬಿದ ಮೇಲೆ ರಾಶಿಯ ಒತ್ತಡವೇ ಹಲಗೆಯನ್ನು ಹಿಡಿದಿಡುತ್ತದೆ. ಮರ ಉಬ್ಬುವುದು ಅಗಲಕ್ಕೆ ಮತ್ತು ದಪ್ಪಕ್ಕೆ, ಉದ್ದಕ್ಕೆ ಲೆಕ್ಕಕ್ಕೇ ಬರುವುದಿಲ್ಲ. ಹಾಗಾಗಿ ಸಡಿಲ ಬೇಕಾದದ್ದು ತೋಡಿನ ಅಗಲದಲ್ಲಿ. ಪ್ರತಿ ಹಲಗೆಯ ಎರಡು ತುದಿಗೂ ಕೆಳಗಡೆ 15 ಮಿಲಿಮೀಟರ್‌ನ ಮರದ ತುಂಡು ಅಂಟಿಸಿದ್ದಾರೆ, ಸಂದು ತಾನಾಗಿ ಉಳಿಯುತ್ತದೆ.

ನಡುಗೋಡೆ ಬಿಚ್ಚುವಂತಾದಾಗ ಮುಂದಿನ ನಡುಗಂಬಕ್ಕೆ ಆಸರೆ ಇಲ್ಲದಾಯಿತು. ಕೆಳಗೆ ಮಾತ್ರ ಹಿಡಿತ, ಮೇಲೆ ಅಲ್ಲಾಡುತ್ತಿತ್ತು. ಅದನ್ನು ಹಿಂದಿನ ನಡುಗಂಬಕ್ಕೆ ಕಟ್ಟುವ ಒಂದು ಅಡ್ಡಪಟ್ಟಿ ಬೇಕು, ಆದರೆ ಪಟ್ಟಿ ಇದ್ದರೆ ನಡುವಿನ ಹಲಗೆ ಮೇಲಕ್ಕೆ ಬರುವುದಿಲ್ಲ. ಬೋಲ್ಟ್ ಹಾಕಿ, ಕೈಯಲ್ಲೇ ತಿರುಗಿಸುವ ವಿಂಗ್ ನಟ್ ಕೊಟ್ಟರು. ಸಾಗಣೆಯ ದಿನ ಪಟ್ಟಿ ಬಿಚ್ಚುವುದು, ಉಳಿದ ದಿನ ಅದು ಅಲ್ಲೇ ಇರುತ್ತದೆ.

ಮುಚ್ಚಳ ಕೋಣೆಗೊಂದು. ಒಂದೇ ದೊಡ್ಡದು ಮಾಡಿದ್ದರೆ ತಾಯಿಗೆ ಎತ್ತಲು ಆಗುತ್ತಿರಲಿಲ್ಲ. ಮಳೆನೀರು ಹಿಂದಕ್ಕೆ ಹರಿಯುವಂತೆ ಮುಂದೆ ಸ್ವಲ್ಪ ಎತ್ತರ. ಗಾಳಿಗೆ ಹಾರದಂತೆ ಕೊಕ್ಕೆ, ಹಿಂದಕ್ಕೆ ಬಿದ್ದು ಕೀಲು ಮುರಿಯದಂತೆ ಸರಪಳಿ.

ನಡೆದದ್ದು

ತಳಕ್ಕೆ ಒಂದು ಗೇಣು ದಪ್ಪ ಕಡ್ಡಿಗಳು. ಆಮೇಲೆ ಪ್ರತಿ ಬಕೆಟ್ ಸಿಪ್ಪೆಯ ಮೇಲೆ ಎರಡೂವರೆ ಬಕೆಟ್ ಎಲೆ. ಎಲೆಯ ಗೂಡು ಪೆಟ್ಟಿಗೆಯ ಪಕ್ಕದಲ್ಲೇ ಇದ್ದದ್ದರಿಂದ ಯಾರೂ ಇದನ್ನು ತಪ್ಪಿಸಲಿಲ್ಲ. ನಾಲ್ಕು ಹೆಜ್ಜೆ ದೂರ ಇದ್ದಿದ್ದರೆ "ನಾಳೆ ಹಾಕಿದರಾಯ್ತು" ಅನ್ನುತ್ತಿದ್ದರು ಅಂತ ನನಗೆ ಗಟ್ಟಿ ನಂಬಿಕೆ. ಬೇಯಿಸಿದ ಅಡುಗೆ, ಮಾಂಸ, ಎಣ್ಣೆ, ಹಾಲಿನ ಪದಾರ್ಥ ಒಳಗೆ ಹಾಕಲಿಲ್ಲ. ಜಾಲರಿಗಿಂತ ಈ ನಿಯಮವೇ ಇಲಿಯನ್ನು ಹೆಚ್ಚು ದೂರ ಇಟ್ಟಿತು. ಒಮ್ಮೆ ಹಿಂದಿನ ಮೂಲೆಯಲ್ಲಿ ಮಣ್ಣು ಕೆದಕಿದ ಗುರುತು ಕಂಡಿತು, ಜಾಲರಿಯವರೆಗೆ ಬಂದು ನಿಂತಿತ್ತು.

ನಡುವೆ ದಪ್ಪ, ಬೂದುಬಣ್ಣದ ಹುಳುಗಳು ಕಿಕ್ಕಿರಿದು ಮನೆಯವರು ಗಾಬರಿಯಾದರು. ಬ್ಲ್ಯಾಕ್ ಸೋಲ್ಜರ್ ನೊಣದ ಮರಿಗಳು. ಕಚ್ಚುವುದಿಲ್ಲ, ಗಿಡಕ್ಕೆ ತೊಂದರೆಯಿಲ್ಲ, ಸಿಪ್ಪೆಯನ್ನು ಬೇಗ ಮುಗಿಸುತ್ತವೆ. ಆದರೆ ಅವು ಅಷ್ಟೊಂದು ಕಂಡರೆ ಮೇಲ್ಪದರ ಹಸಿ ಜಾಸ್ತಿಯಾಗಿದೆ ಅಂತ ತಿಳಿಯಬೇಕು. ಎಲೆ ಹೆಚ್ಚಿಸಿದ ಮೇಲೆ ಕಡಿಮೆಯಾದವು. ಹುಲ್ಲು ಕತ್ತರಿಸಿದ ವಾರ ಅದನ್ನೆಲ್ಲ ಒಂದೇ ಕಡೆ ಸುರಿದದ್ದರಿಂದ ಮೂಗಿಗೆ ಹೊಡೆಯುವ ಅಮೋನಿಯಾ ಘಾಟು ಬಂತು. ಸಾರಜನಕ ಹೆಚ್ಚಾಗಿ ಗಾಳಿಗೆ ಹಾರುತ್ತಿದೆ ಅಂತ ಅರ್ಥ. ಹರಿದ ರಟ್ಟು ಬೆರೆಸಿದರು. ರಟ್ಟಿನಲ್ಲಿ ಇಂಗಾಲ ಬಹಳ, ಸ್ವಲ್ಪವೇ ಸಾಕು.

ತುಂಬುವಷ್ಟು ಕಾಲ ಉಷ್ಣತೆ 30-35 ಡಿಗ್ರಿ ದಾಟಲಿಲ್ಲ. ಲೆಕ್ಕ ಹಾಕಿದ್ದೂ ಹಾಗೇ. ಸಾಗಣೆಯ ದಿನ ಮಾತ್ರ ಬೇಲಿ ಕತ್ತರಿಸಿದ ಹಸಿ ಸೊಪ್ಪು ರಾಶಿಗಟ್ಟಲೆ ಇತ್ತು. ಅದನ್ನು ಕೊಚ್ಚಿ, ಎಳೆಯುವಾಗಲೇ ಬೆರೆಸಿದರು. ಮೂರನೇ ದಿನ ನಡುಮಧ್ಯದ ಉಷ್ಣತೆ 58 ಡಿಗ್ರಿ. ಮಗನಿಗೆ ಹಬ್ಬ. 55 ಡಿಗ್ರಿಗಿಂತ ಮೇಲೆ ಸತತ ಮೂರು ದಿನ ಇದ್ದರೆ ರೋಗಾಣು ಸಾಯುತ್ತವೆ ಅನ್ನುವುದು ಮುಚ್ಚಿದ ಯಂತ್ರಗಳಿಗೆ ಹೇಳಿದ ಅಳತೆ. ಬಯಲಿನ ಉದ್ದನೆಯ ರಾಶಿಗಾದರೆ 15 ದಿನ, ಅಷ್ಟರಲ್ಲಿ ಐದು ಸಲ ಮಗುಚಬೇಕು. ಮರದ ಪೆಟ್ಟಿಗೆಯ ಅಂಚು ತಣ್ಣಗೇ ಇರುತ್ತದೆ. ಹಾಗಾಗಿ ಬೀಜ ಕಟ್ಟಿದ ಕಳೆ, ರೋಗ ಬಂದ ಗಿಡ ಒಳಗೆ ಬರಬಾರದು ಅನ್ನುವ ನಿಯಮ ಸಡಿಲಿಸಲಿಲ್ಲ.

ಸಾಗಣೆಗೆ ಒಂದು ಬೆಳಗ್ಗೆ ಸಾಕಾಯಿತು. ತಾಯಿ ಸ್ಟೂಲ್ ಮೇಲೆ ಕೂತೇ ಅರ್ಧಕ್ಕಿಂತ ಹೆಚ್ಚು ಎಳೆದರು. ಆ ಬೆಳಗ್ಗೆಯೇ ಈ ಪೆಟ್ಟಿಗೆಯ ನಿಜವಾದ ಪರೀಕ್ಷೆ ಅಂತ ನಾನು ಅಂದುಕೊಂಡಿದ್ದೆ. ಅವರು ನಡುವೆ ಹೇಳಿದ ಒಂದೇ ದೂರು: "ಹಲಗೆಗೆ ನಂಬರ್ ಹಾಕಿಲ್ಲ, ಯಾವುದು ಎಲ್ಲಿಗೆ ಅಂತ ಗೊತ್ತಾಗ್ತಿಲ್ಲ." ಕೈಯಲ್ಲಿ ಕೊಯ್ದ ಹಲಗೆ, ಒಂದೊಂದೂ ಕೂದಲೆಳೆ ಬೇರೆ. ಆಮೇಲೆ ಬಣ್ಣದಲ್ಲಿ ಬರೆದರು.

ಎರಡನೇ ಕೋಣೆಯ ಗೊಬ್ಬರ ಆಗಿದೆಯಾ ಅಂತ ನೋಡಲು ಒಂದು ಹಿಡಿಯನ್ನು ಒದ್ದೆ ಮಾಡಿ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿಟ್ಟರು. ಕೆಲವು ದಿನ ಬಿಟ್ಟು ಬಿಚ್ಚಿದಾಗ ಮಣ್ಣಿನ ವಾಸನೆಯೇ ಬಂತು. ಹುಳಿ ವಾಸನೆ ಬಂದಿದ್ದರೆ ಇನ್ನೂ ಕಾಯಬೇಕಿತ್ತು. ಜೊತೆಗೆ ಅದರಲ್ಲಿ ಮೂಲಂಗಿ ಬೀಜ ಊರಿ, ಪಕ್ಕದಲ್ಲಿ ಬರೀ ಮಣ್ಣಿನಲ್ಲೂ ಊರಿ ಮೊಳಕೆ ಹೋಲಿಸಿದರು. ವ್ಯತ್ಯಾಸ ಕಾಣಲಿಲ್ಲ. ಜಾಲರಿಯ ಉಳಿದ ತುಂಡನ್ನು ಚೌಕಟ್ಟಿಗೆ ಬಡಿದು ಜರಡಿ ಮಾಡಿಕೊಂಡರು. ಜರಡಿಯಲ್ಲಿ ನಿಂತ ಕಡ್ಡಿಗಳು ಮೊದಲ ಕೋಣೆಗೆ ವಾಪಸ್. ತುಂಬಿದ್ದ ಎತ್ತರದ ಅರ್ಧಕ್ಕಿಂತ ಕಡಿಮೆ ಉಳಿದಿತ್ತು. ಮಡಿಗಳ ಮೇಲೆ ಎರಡು ಮೂರು ಸೆಂಟಿಮೀಟರ್ ಹರಡಲು ಸಾಕಾಯಿತು. ಕುಂಡಕ್ಕೆ ಬರೀ ಗೊಬ್ಬರ ತುಂಬಲಿಲ್ಲ, ಮಣ್ಣಿನ ಜೊತೆ ಕಾಲು ಪಾಲು ಬೆರೆಸಿದರು.

ಈಗ ಎರಡು ಕೆಲಸ ಬಾಕಿ ಇವೆ. ಮುಂದಿನ ಸಾಲಿನ ತೀರಾ ಕೆಳಗಿನ ಹಲಗೆ ಮೆತ್ತಗಾಗಿದೆ. ಅದು ಸ್ಕ್ರೂ ಇಲ್ಲದ ಹಲಗೆ, ಎಳೆದು ಹೊಸದು ಜಾರಿಸಿದರೆ ಸಾಕು. ಎಲೆಯ ಗೂಡು ಮಾತ್ರ ಎಲೆ ಮತ್ತೆ ಉದುರುವ ಹೊತ್ತಿಗೆ ಎಷ್ಟೋ ಮೊದಲೇ ಖಾಲಿಯಾಗಿ, ಕೊನೆಯ ವಾರಗಳನ್ನು ರಟ್ಟಿನಲ್ಲಿ ಕಳೆಯಬೇಕಾಯಿತು. ಆರು ತಿಂಗಳಿಗೆ ಅಂತ ಮಾಡಿದ ಗೂಡು ಈ ಮರಗಳಿಗೆ ಸಾಲದು. ಅದೇ ಅಳತೆಯ ಇನ್ನೊಂದಕ್ಕೆ ಮಗ ಜಾಲರಿ ತಂದಿಟ್ಟಿದ್ದಾನೆ.